ಗುಡ್ಡದ ಮೇಲಿನ ಮೀನು

ಬಂಗಾಳದಿಂದ ಸೊಸೆಯಾಗಿ ಗಂಗಾವತಿಗೆ ಬಂದ ಪೂರ್ಣಿಮಾ ಅವರ ಮೊದಲ ಚಿತ್ರಕಲಾ ಪ್ರದರ್ಶನ ಕಾಲೇಜಿನ ಹಾಲ್‌ನಲ್ಲಿತ್ತು. ಗೋಡೆಗೆ ಚಿತ್ರ ತೂಗುಹಾಕುವ ಕೆಲಸ ನನ್ನದು. ಒಂದು ಚಿತ್ರದಲ್ಲಿ ನಮ್ಮ ಬಂಡೆಗುಡ್ಡದ ಮೇಲೆ ಕುಂಕುಮ ಹಚ್ಚಿದ ದೊಡ್ಡ ಮೀನು ಮಲಗಿತ್ತು. ಪಕ್ಕದ ಮರಳಿ ಊರಿನಿಂದ ಬಂದ ಅಜ್ಜಿಯೊಬ್ಬರು ಅದರ ಮುಂದೆ ಹುಬ್ಬು ಗಂಟಿಕ್ಕಿ ನಿಂತರು.

"ನಮ್ಮ ಗುಡ್ಡದ ಮ್ಯಾಲೆ ಮೀನ ಯಾಕ ಬರದಿಯವ್ವಾ?"

ಇನ್ನು ಜಗಳವೇ ಅಂದುಕೊಂಡೆ. ಪೂರ್ಣಿಮಾ ತಡವರಿಸುತ್ತ, "ನಮ್ಮ ಕಡೆ ಮದುವ್ಯಾಗ ಮೀನ ಸಿಂಗಾರ ಮಾಡಿ ಬೀಗರ ಮನಿಗೆ ಕಳಸ್ತಾರ್ರೀ ಅಮ್ಮಾ" ಅಂದರು.

ಅಜ್ಜಿ ಮತ್ತೊಮ್ಮೆ ಚಿತ್ರ ನೋಡಿದರು. "ಹಂಗಾದ್ರ ನಾವು ಬೀಗರಾದ್ವಿ. ನಾಳೆ ಊಟಕ್ಕ ಬಾರವ್ವಾ" ಎಂದು ಆಕೆಯ ಕೈ ಹಿಡಿದುಕೊಂಡರು.

ಪೂರ್ಣಿಮಾ ನಕ್ಕರು. ಬೆಳಗಿನಿಂದ ಮೊಳೆ ಹೊಡೆದ ನನ್ನನ್ನು ಮಾತ್ರ ಯಾರೂ ಊಟಕ್ಕೆ ಕರೆಯಲಿಲ್ಲ.