ಧಾರವಾಡದ ‘ರಿ’ ಮೇಲೆ ನಡೆದ ವಿಚಾರಣೆ

ಧಾರವಾಡದ ‘ರಿ’ ಎಂಬ ಅಕ್ಷರವನ್ನು ಮೊನ್ನೆ ಭಾನುವಾರ ರಾಯಾಪುರದ ಒಂದು ಹಾಲ್‌ನಲ್ಲಿ ಅಧಿಕೃತವಾಗಿ ವಿಚಾರಣೆಗೆ ಗುರಿಪಡಿಸಲಾಯಿತು ಎಂದು ನಾಡಿನ ಸಮಸ್ತ ಜನತೆಗೆ ತಿಳಿಸಲು ವಿಷಾದಿಸುತ್ತೇನೆ.

ಸಹ ಆರೋಪಿ, ನಾನು.

ನನ್ನ ಅಕ್ಕನ ಮಗಳು ಗೌರಿ ತನ್ನ ಕಾಲೇಜಿನ ಚಿಯರ್‌ಲೀಡಿಂಗ್ ಟೀಮಿನಲ್ಲಿದ್ದಾಳೆ. ಕ್ರಿಕೆಟ್ ಬೌಂಡರಿಯ ಪಕ್ಕ ಕುಣಿಯುವುದಲ್ಲ, ಇದೇ ಒಂದು ಆಟ. ಹುಡುಗಿಯರು ಒಬ್ಬರನ್ನೊಬ್ಬರು ಎತ್ತಬೇಕು, ಎಸೆಯಬೇಕು, ಹಿಡಿಯಬೇಕು, ನಡುವೆ ತಾಳ ತಪ್ಪದೆ ಕೂಗಬೇಕು. ಗೌರಿ ಎಲ್ಲರಿಗಿಂತ ಮೇಲೆ ನಿಲ್ಲುವವಳು.

ಹೋದ ವರ್ಷ ಈ ಆಟಕ್ಕೆ ಹೇಳುವವರು ಕೇಳುವವರು ಇರಲಿಲ್ಲ. ಗೌರಿ ಬರೀ ನೆಲದ ಮೇಲೆ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು.

ಈ ವರ್ಷ ಹೊಸದೊಂದು ಸಮಿತಿ ಬಂದಿದೆ. ದಪ್ಪ ಮ್ಯಾಟ್ ಇರಬೇಕು, ಮೇಲಿದ್ದವಳನ್ನು ಹಿಡಿಯಲು ಹಿಂದೆ ಒಬ್ಬಳು ನಿಂತೇ ಇರಬೇಕು. ಅಕ್ಕ ಆ ಸಮಿತಿಗೆ ಆರತಿ ಬೆಳಗುವುದೊಂದು ಬಾಕಿ.

ನನ್ನ ತಕರಾರು ಇನ್ನೊಂದು ನಿಯಮದ ಮೇಲೆ. ಎದುರಾಳಿಗಳನ್ನು ಹೀಯಾಳಿಸಿ ಕೂಗಿದರೆ ಅಂಕ ಕಟ್.

ಕೂಗು ಬರೆದುಕೊಟ್ಟ ಮಹಾಕವಿ ನಾನೇ ಅಲ್ಲವೇ...

“ಬರ್ರಿ ಬರ್ರಿ, ಕೂಡ್ರಿ ಕೂಡ್ರಿ, ಚಾ ಆಗೇದಲ್ರಿ? ಹಂಗಾರ ಹೊಂಡ್ರಿ ಹೊಂಡ್ರಿ.”

ಭಾನುವಾರದ ಫೈನಲ್‌ಗೆ ಉಳಿದದ್ದು ಧಾರವಾಡದ ನಾವು ಮತ್ತು ಹುಬ್ಬಳ್ಳಿಯವರು. ಧಾರವಾಡದವರು ಮನೆಗೆ ಬಂದವರನ್ನು ಹೀಗೇ ಚಾ ಕೊಡದೆ ಸಾಗಹಾಕುತ್ತಾರೆ ಎಂಬುದು ಅವರ ಹಳೆಯ ಆಪಾದನೆ. ಅದನ್ನೇ ತಿರುಗಿಸಿ ಅವರ ಮೇಲೆ ಬಿಟ್ಟಿದ್ದೆ.

ಆಟಕ್ಕೆ ಮುಂಚಿನ ಪ್ರಾಕ್ಟೀಸ್‌ನಲ್ಲಿ ಇದನ್ನು ಕೇಳಿದ ಮೈಸೂರು ಕಡೆಯ ಜಡ್ಜ್ ಮೇಡಂಗೆ ಅನುಮಾನ ಬಂತು. ಇದು ಹೀಯಾಳಿಕೆಯೋ, ಉಪಚಾರವೋ?

ಗೌರಿ ನನ್ನತ್ತ ನೋಡಿದಳು. ಹೆದರಿಕೆ ನುಂಗಿ ಮತ್ತೆ ಮೇಲೆ ಹತ್ತಲು ಕಲಿತ ಹುಡುಗಿ, ಮಾಮಾನ ಪ್ರಾಸದ ಚಟಕ್ಕೆ ಸೋಲಬೇಕೇ?

ಕೊನೆಗೆ ಮೇಡಂ ಹುಬ್ಬಳ್ಳಿಯ ಕ್ಯಾಪ್ಟನ್ ಸವಿತಾಳನ್ನೇ ಕರೆದು, ನಿಮಗೆ ಅವಮಾನವಾಯಿತೇ ಎಂದು ಕೇಳುತ್ತಾರೆ. ಆ ಹುಡುಗಿಗೆ ಅಕ್ಷರ ಅಕ್ಷರದ ಕುಟುಕೂ ಗೊತ್ತು. ಹೂಂ ಎಂದರೆ ಸಾಕು, ಅರ್ಧ ಕಪ್ ಅವರ ಕೈಯಲ್ಲಿ.

“ಏನಿಲ್ರಿ ಮೇಡಂ. ಭಾಳ ಮರ್ಯಾದಿಲೆ ಮಾತಾಡ್ಯಾರ. ಎಷ್ಟು ‘ರಿ’ ಅದಾವ ನೋಡ್ರಿ.”

ಆರೋಪಿಗಳ ಖುಲಾಸೆಯಾಯಿತು. ಗೌರಿ ಮೇಲೇರಿ ಕೂಗಿದಳು, ಇಡೀ ಹಾಲ್ ನಕ್ಕಿತು... ‘ಹೊಂಡ್ರಿ’ ಎನ್ನುವಷ್ಟರಲ್ಲಿ ಅವಳ ಕಾಲು ಜಾರಿತು.

ಹಿಂದೆ ನಿಂತವಳು ಗಪ್ಪನೆ ಹಿಡಿದಳು. ಇಬ್ಬರೂ ಮ್ಯಾಟ್ ಮೇಲೆ ಕುಕ್ಕರಿಸಿ ನಗುತ್ತಿದ್ದಾರೆ. ಪಕ್ಕದಲ್ಲಿದ್ದ ಅಕ್ಕ ನನ್ನ ತೋಳು ಹಿಂಡಿದ ಗುರುತು ಇನ್ನೂ ಮಾಸಿಲ್ಲ.

ಅಂಕ ಹೋಯಿತು, ಕಪ್ ಹುಬ್ಬಳ್ಳಿಗೆ ಹೋಯಿತು.

“ನಿನ್ನ ಹಾಡು ಹಾಳಾಗಿ ಹೋಗ್ಲಿ. ಕೂಸಿನ ಕೈ ನೆಟ್ಟಗದ, ಅಷ್ಟ ಸಾಕು” ಎಂದಳು ಅಕ್ಕ. ಸಮಿತಿ ಬಂದು ಆಟ ಸುಧಾರಿಸಿದೆಯೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರವೂ ಇಷ್ಟೇ. ಸೋತ ಕಡೆಯವನು ಹೇಳುತ್ತಿದ್ದೇನೆ, ನಂಬಿ.

ಹೊರಡುವಾಗ ಸವಿತಾ ಕಪ್ ಹಿಡಿದುಕೊಂಡು, ಇಡೀ ಟೀಮನ್ನು ಬೆನ್ನಿಗೆ ಕಟ್ಟಿಕೊಂಡು ನನ್ನ ಮುಂದೆ ಬಂದು ನಿಂತಳು.

“ಮಾಮಾರ, ನಮ್ದು ಚಾ ಆಗಿಲ್ರಿ.”

ಬರುವ ಭಾನುವಾರ ಅಷ್ಟೂ ಜನ ನಮ್ಮ ಮನೆಗೆ ಬರುತ್ತಿದ್ದಾರೆ. ನಮ್ಮಲ್ಲಿರುವ ಪಾತ್ರೆಗಳೆಲ್ಲ, ಸಹಜವಾಗಿಯೇ, ಚಿಕ್ಕವು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ದೊಡ್ಡ ಬೋಗುಣಿ ಇದ್ದರೆ ಶನಿವಾರ ಸಂಜೆಯೊಳಗೆ ದಯವಿಟ್ಟು ತಲುಪಿಸಿ, ತೊಳೆದೇ ವಾಪಸ್ ಕೊಡುತ್ತೇನೆ.