ಕೊನೇ ಕೋಣೆ ಟೀಚರ ಹುಬ್ಬು

ಶಾಲೆಯ ಉದ್ದನೆಯ ಪಡಸಾಲೆಯ ತುದಿಯಲ್ಲಿ, ಕೈತೊಳೆಯುವ ನಲ್ಲಿಗಳ ಪಕ್ಕಕ್ಕೆ ಒಂದು ಕೋಣೆ. ಬೇರೆ ತರಗತಿಗಳಲ್ಲಿ ಹಿಂದೆ ಬಿದ್ದ ಮಕ್ಕಳನ್ನೆಲ್ಲ ತಂದು ಕೂರಿಸುವುದು ಇಲ್ಲಿ. ಇಪ್ಪತ್ತಾರು ವರ್ಷ ಈ ಕೋಣೆಯನ್ನು ಒಬ್ಬರೇ ನೋಡಿಕೊಂಡವರನ್ನು ಎಲ್ಲರೂ ಕೊನೇ ಕೋಣೆ ಟೀಚರ್ ಎಂದೇ ಕರೆಯುತ್ತಿದ್ದರು. ಕರೆಯುವ ಧಾಟಿಯಲ್ಲಿ ಒಂದಿಷ್ಟು ತಾತ್ಸಾರ ಇದ್ದೇ ಇತ್ತು. ಟೀಚರು ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದರು.

ಹೊಡೆದವರಲ್ಲ, ಗದರಿದವರೂ ಅಲ್ಲ. 'ತಪ್ಪು' ಎಂಬ ಮಾತು ಆ ಕೋಣೆಯಲ್ಲಿ ಕೇಳಿಸಬಾರದು ಎಂದು ಮೊದಲ ವರ್ಷವೇ ತೀರ್ಮಾನಿಸಿದ್ದರು. ಅಲ್ಲಿಗೆ ಬರುವ ಹೊತ್ತಿಗೆ ಆ ಮಕ್ಕಳು ಜನ್ಮಕ್ಕಾಗುವಷ್ಟು ಅದನ್ನು ಕೇಳಿರುತ್ತಿದ್ದವು. ಮಗುವನ್ನು ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂರಿಸಿಕೊಂಡು, ಪುಸ್ತಕ ನಡುವೆ ಹಿಡಿದು, ಕಾಯುವರು. ಮಗು ತಡವರಿಸಿ, ಅದಲ್ಲ ಇದು ಎಂದು ಹುಡುಕಿ, ಕೊನೆಗೆ ಸರಿಯಾದದ್ದನ್ನು ಹೇಳಿದಾಗ ಟೀಚರ ಮುಖ ನೋಡಬೇಕಿತ್ತು. ಹುಬ್ಬು ಹಣೆಯ ಮೇಲಕ್ಕೆ ಹೋಗಿ, ಕೆನ್ನೆಯೆಲ್ಲ ಅರಳಿ, ತಾವೇ ಪಾಸಾದವರ ಹಾಗೆ ಕಾಣುವರು. ಅಂಥ ಟೀಚರು ನಮಗೆ ಸಿಕ್ಕಿದ್ದರೆ ನಾವೆಲ್ಲ ಎಲ್ಲೋ ಇರುತ್ತಿದ್ದೆವು ಎಂದು ಯಾರಿಗಾದರೂ ಅನ್ನಿಸಬೇಕು.

ಅವರಿಗಿದ್ದದ್ದು ಒಂದೇ ಸಂಕಟ. ಇಲ್ಲಿ ಓದುತ್ತಿದ್ದ ಮಕ್ಕಳು ಪಕ್ಕದ ಐದನೇ ತರಗತಿಗೆ ಹೋದ ಮೂರು ತಿಂಗಳಿಗೆ ಮತ್ತೆ ಮುಗ್ಗರಿಸುತ್ತಿದ್ದವು. ಆ ತರಗತಿಯ ಮೇಷ್ಟ್ರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ, ಮಕ್ಕಳು ಕಲ್ಲುಮುಖದ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಟೀಚರು ವರ್ಷಕ್ಕೊಮ್ಮೆಯಾದರೂ ಅವರ ಹತ್ತಿರ ಜಗಳ ಕಾಯುವರು.

"ನನ್ನ ಹತ್ರ ಗಳಗಳ ಅಂತ ಓದಿದ ಮಗು ನಿಮ್ಮ ಹತ್ರ ಬಾಯೇ ಬಿಡಲ್ಲ ಅಂದ್ರೆ ಏನರ್ಥ? ನಿಮ್ಮ ಮುಖ ನೋಡಿ ಹೆದರುತ್ತೆ ಮೇಷ್ಟ್ರೆ."

"ನನ್ನ ಮುಖ ಇರೋದೇ ಹೀಗೆ ಟೀಚರ್. ಮನೇಲಿ ನನ್ನ ಹೆಂಡ್ತೀನೂ ಇದನ್ನೇ ಹೇಳ್ತಾಳೆ."

ಈ ವರ್ಷ ಟೀಚರ ಜೀವವೆಲ್ಲ ಒಂದು ಹುಡುಗಿಯ ಮೇಲಿತ್ತು. ಸಣ್ಣ ಮೈಕಟ್ಟಿಗೆ ಗುಬ್ಬಿ ಎಂದೇ ಹೆಸರು ಬಿದ್ದಿತ್ತು. ಹನ್ನೆರಡು ತುಂಬುತ್ತಿತ್ತು; ಆ ಕೋಣೆಗೆ ಅದೇ ಕೊನೆಯ ವಯಸ್ಸು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಮೊದಲು ನೋಡಿರದ ಒಂದು ಪುಟ ಓದಿದರೆ ಐದನೇ ತರಗತಿ, ಇಲ್ಲದಿದ್ದರೆ ಮನೆ. ಗುಬ್ಬಿಯ ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಬಂದು ಖಡಾಖಂಡಿತವಾಗಿ ಹೇಳಿ ಹೋಗಿದ್ದಳು: "ಓದು ಹತ್ತಿದ್ರೆ ಓದ್ಲಿ ಟೀಚರ್. ಇಲ್ಲಾಂದ್ರೆ ಸುಮ್ನೆ ಬೆಂಚು ಬಿಸಿ ಮಾಡೋದ್ಯಾಕೆ? ನನ್ನ ಜೊತೆ ಬಟ್ಟೆ ಮಡಚೋಕೆ ಬರ್ಲಿ."

"ಪಾಸಾಗ್ತಾಳಮ್ಮ. ನನ್ನ ಮಾತು ನಂಬು," ಎಂದಿದ್ದರು ಟೀಚರು.

ಪರೀಕ್ಷೆಗೆ ಮೂರು ವಾರವಿದ್ದಾಗ ಒಂದು ಬೆಳಿಗ್ಗೆ ಟೀಚರು ಬಾಯಿ ಮುಕ್ಕಳಿಸಲು ಹೋದರೆ ನೀರು ತುಟಿಯ ಬಲಗಡೆಯಿಂದ ತಾನಾಗಿ ಸೋರಿತು. ಕನ್ನಡಿಯಲ್ಲಿ ಅರ್ಧ ಮುಖ ಜೋತುಬಿದ್ದಿತ್ತು. ಡಾಕ್ಟರು ನರದ ತೊಂದರೆ ಎಂದರು, ತಿಂಗಳುಗಟ್ಟಲೆ ಹಿಡಿದರೂ ವಾಸಿಯಾಗುತ್ತದೆ ಎಂದರು, ಮುಚ್ಚದ ಕಣ್ಣಿಗೆ, ಹುಬ್ಬೆರಡೂ ಮರೆಯಾಗುವ ಹಾಗೆ ಹಣೆ ಸುತ್ತ ಪಟ್ಟಿ ಕಟ್ಟಿದರು. ಟೀಚರು ಐದೇ ದಿನಕ್ಕೆ ಶಾಲೆಗೆ ಬಂದರು. ಮಕ್ಕಳು ನಗಬಹುದು ಎಂದು ದಾರಿಯುದ್ದಕ್ಕೂ ಅಳುಕಿತ್ತು.

ಯಾರೂ ನಗಲಿಲ್ಲ. ಯಾರೂ ಓದಲೂ ಇಲ್ಲ.

ಗುಬ್ಬಿ ಪುಸ್ತಕದ ಮೇಲೆ ಬೆರಳಿಟ್ಟು "ಗಿಣಿ" ಎಂದಳು, ತಲೆಯೆತ್ತಿ ಟೀಚರನ್ನು ನೋಡಿದಳು. "ಗಿಡ" ಎಂದಳು, ಮತ್ತೆ ನೋಡಿದಳು. "ಗಿರಣಿ" ಎಂದಳು. ಮೂರನ್ನೂ ಮುಂದಿಟ್ಟು, ಯಾವುದನ್ನು ತೆಗೆದುಕೊಳ್ಳುತ್ತೀರಿ ಎನ್ನುವ ಹಾಗೆ ಕಾಯುತ್ತ ಕೂತಳು. ಹೆದರಿಕೆ ಇರಬೇಕು ಎಂದುಕೊಂಡು ಟೀಚರು ಬೇರೆ ಹುಡುಗನನ್ನು ಕರೆದರು. ಅವನದೂ ಅದೇ ಆಟ. ನಾಲ್ಕನೆಯ ಮಗುವಿನ ಹೊತ್ತಿಗೆ ಅವರು ಪುಸ್ತಕ ಮುಚ್ಚಿ ಗುಬ್ಬಿಯನ್ನು ಮತ್ತೆ ಕರೆದರು.

"ಯಾಕೆ ಗುಬ್ಬಿ, ಪುಸ್ತಕ ಬಿಟ್ಟು ನನ್ನನ್ನ ನೋಡ್ತೀಯ?"

"ಗೊತ್ತಾಗ್ತಾ ಇಲ್ಲ ಟೀಚರ್. ಸರಿಯಾದ್ರೆ ನಿಮ್ಮ ಹುಬ್ಬು ಏಳ್ತಿತ್ತು, ಇಲ್ದಿದ್ರೆ ತುಟಿ ಬಿಗೀತಿತ್ತು. ಈಗ ಸರಿಯಾದ್ರೂ ಸೊಟ್ಟ, ಆಗ್ದಿದ್ರೂ ಸೊಟ್ಟ."

"ಇದನ್ನ ನಿನಗೆ ಯಾರು ಹೇಳಿದ್ದು?"

"ದೊಡ್ಡೋರು. ಹೊಸಬರು ಬಂದ ದಿನಾನೇ ಹೇಳಿಕೊಡ್ತೀವಲ್ಲ." ಗುಬ್ಬಿಯ ದನಿಯಲ್ಲಿ ಕಳ್ಳತನ ಸಿಕ್ಕಿಬಿದ್ದ ಅಳುಕೂ ಇರಲಿಲ್ಲ. ಹಾಗೆ ಮಾಡುವುದನ್ನೇ ಓದುವುದು ಎಂದು ಅವಳು ತಿಳಿದಿದ್ದಳು.

ಕಲ್ಲುಮುಖದ ಮೇಷ್ಟ್ರ ಮೇಲೆ ಹಾರಾಡಿದ್ದೆಲ್ಲ ಟೀಚರಿಗೆ ಒಂದೊಂದಾಗಿ ನೆನಪಾಯಿತು. ಆ ಬಡಪಾಯಿಯ ಮುಖ ಯಾವ ಮಗುವಿಗೂ ಉತ್ತರ ಹೇಳಿಕೊಡುತ್ತಿರಲಿಲ್ಲ, ಅಷ್ಟೇ ಅವರ ತಪ್ಪು. ಪಡಸಾಲೆ ಗುಡಿಸುವ ಆಯಾ ಈ ಕೋಣೆಯ ಮೊದಲ ವರ್ಷದ ಹುಡುಗಿ. ನೋಟಿಸು ಕೈಗೆ ಬಂದಾಗಲೆಲ್ಲ "ಕಲಿತದ್ದೆಲ್ಲ ಮರೆತೇಹೋಯ್ತು, ಓದಿ ಹೇಳಿ ಟೀಚರ್" ಎನ್ನುತ್ತಿದ್ದಳು. ಮರೆಯುವುದಕ್ಕೆ ಅವಳ ಹತ್ತಿರ ಏನಿತ್ತು? ಇಪ್ಪತ್ತಾರು ವರ್ಷದಲ್ಲಿ ಮುನ್ನೂರು ಮಕ್ಕಳನ್ನು ಪ್ರೀತಿಯಿಂದಲೇ ಹಾಳು ಮಾಡಿದೆನಲ್ಲ ಎಂದು ಟೀಚರು ಆವತ್ತು ಊಟದ ಡಬ್ಬಿ ತೆರೆಯಲಿಲ್ಲ.

ಮಾರನೆಯ ದಿನ ಗುಬ್ಬಿಯ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡರು.

"ನಾನು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ನನ್ನ ಕಡೆ ತಿರುಗಬೇಡ. ಅಕ್ಷರ ನೋಡು. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು, ಅದರಲ್ಲೇನೂ ನಾಚಿಕೆ ಇಲ್ಲ."

ರಟ್ಟಿನ ಚೂರುಗಳ ಮೇಲೆ ಪದ ಬರೆದು, ಹಿಂದುಗಡೆ ಅದರ ಚಿತ್ರ ಅಂಟಿಸಿದ್ದರು. ಓದಬೇಕು, ಆಮೇಲೆ ತಿರುಗಿಸಿ ತಾನೇ ನೋಡಿಕೊಳ್ಳಬೇಕು. ತಟ್ಟೆಯಲ್ಲಿ ಮರಳು ಹರಡಿ, ಬಾಯಲ್ಲಿ ಹೇಳುತ್ತ ಬೆರಳಲ್ಲಿ ಬರೆಸಿದರು. ಮೊದಲ ದಿನ ಗುಬ್ಬಿ ನಿಮಿಷಕ್ಕೊಮ್ಮೆ ಕತ್ತು ತಿರುಗಿಸಿದಳು, ಎರಡು ಸಲ ಅತ್ತಳು. ಎಂಟನೆಯ ದಿನ "ಬಾವಿ" ಎಂದು ಓದಿ, ರಟ್ಟು ತಿರುಗಿಸಿ, ಅಲ್ಲಿದ್ದ ಬಾವಿಯನ್ನು ನೋಡಿ ತನ್ನಷ್ಟಕ್ಕೆ ನಕ್ಕಳು. ಹಿಂದೆ ಕೂತವರ ಕಣ್ಣು ತುಂಬಿತು. ಆ ಕೋಣೆಯಲ್ಲಿ ಒಂದು ಮಗು ನಿಜವಾಗಿ ಓದಿದ್ದನ್ನು ಅವರು ಕೇಳಿದ್ದು ಅದೇ ಮೊದಲು.

ಆದರೆ ಪರೀಕ್ಷೆಗೆ ಉಳಿದದ್ದು ಒಂದು ವಾರ. ಈ ನಡಿಗೆಯಲ್ಲಿ ಇಡೀ ಪುಟ ಓದಲು ಇನ್ನೊಂದು ವರ್ಷ ಬೇಕು. ಟೀಚರು ಹೆಡ್‌ಮಾಸ್ಟರ ಮುಂದೆ ನಿಂತು ಎಲ್ಲವನ್ನೂ ಹೇಳಿಕೊಂಡರು. "ಇಷ್ಟು ವರ್ಷ ನಾನು ಏನೂ ಕಲಿಸಿಲ್ಲ ಸಾರ್. ಈ ಮಗುಗೆ ಒಂದು ವರ್ಷ ಕೊಡಿ."

ಅವರು ಮರುಕದಿಂದ ನೋಡಿದರು. "ಕಾಯಿಲೆ ಬಿದ್ದಾಗ ಹೀಗೆಲ್ಲ ಅನ್ಸುತ್ತೆ ಟೀಚರ್. ವಯಸ್ಸಿನ ವಿಷಯ ನನ್ನ ಕೈಲಿಲ್ಲ. ನೀವು ರೆಸ್ಟ್ ತಗೊಳ್ಳಿ." ತಪ್ಪು ಒಪ್ಪಿಕೊಳ್ಳಲು ಹೋದರೆ ಕೇಳುವವರೇ ಇಲ್ಲ.

ಪರೀಕ್ಷೆ ಮಾಡುವವರು ಕಲ್ಲುಮುಖದ ಮೇಷ್ಟ್ರು. ಮಗುವಿಗೆ ಧೈರ್ಯವಾಗಲೆಂದು ಟೀಚರು ಎದುರಿಗೆ ಕೂರುವುದು ಮೊದಲಿನಿಂದ ನಡೆದುಬಂದದ್ದು. ಅಂದು ಕಣ್ಣಿನ ಪಟ್ಟಿ ತೆಗೆದಿದ್ದರು. ಬಾಯಿ ಇನ್ನೂ ಸೊಟ್ಟಗಿದ್ದರೂ ಎಡಗಡೆಯ ಹುಬ್ಬು ಮಾತ್ರ ಮೊದಲಿನ ಹಾಗೆಯೇ ಏಳುತ್ತಿತ್ತು. ಗುಬ್ಬಿಯ ಅಮ್ಮ ಬಾಗಿಲ ಹೊರಗೆ ನಿಂತಿದ್ದಳು.

ಗುಬ್ಬಿ ಪುಟದ ಮೇಲೆ ಬಗ್ಗಿದಳು. ಮೊದಲ ಪದ ಓದಿದಳು. ಎರಡನೆಯದನ್ನೂ ಓದಿದಳು. ಮೂರನೆಯದಕ್ಕೆ ಬೆರಳು ನಿಂತಿತು. "ಸಂ..." ಎಂದಳು. "ಸಂತೆ... ಸಂಜೆ..."

ಲಾಂಡ್ರಿಯ ಹಬೆ, ಆ ಹುಡುಗಿಯ ಎತ್ತರಕ್ಕೆ ಮಡಚಿಟ್ಟ ಬಟ್ಟೆ ಟೀಚರ ಕಣ್ಣ ಮುಂದೆ ಬಂದವು. ಎರಡು ವಾರದ ಪಶ್ಚಾತ್ತಾಪವೆಲ್ಲ ಎಲ್ಲಿ ಹೋಯಿತೋ, "ಸಂಜೆ" ಎಂಬ ಮಾತು ಬಿದ್ದದ್ದೇ ತಡ ಆ ಒಂದು ಹುಬ್ಬನ್ನು ಎತ್ತಿದರು, ನೋವಾಗುವಷ್ಟು ಎತ್ತಿ ಹಿಡಿದರು. ನೋಡೇ, ಒಂದು ಸಲ ನೋಡೇ ಎಂದು ಒಳಗೇ ಬೇಡಿಕೊಂಡರು. ಕೆಮ್ಮಿದರು. ಕುರ್ಚಿಯನ್ನು ಕರಕರ ಎಳೆದರು.

ಗುಬ್ಬಿ ತಲೆಯೆತ್ತಲಿಲ್ಲ. ಅಕ್ಷರವನ್ನೇ ನೋಡಿದಳು. "ಇದು ನನಗೆ ಗೊತ್ತಿಲ್ಲ ಸಾರ್" ಎಂದು ಸ್ಪಷ್ಟವಾಗಿ ಹೇಳಿ ಮುಂದಿನ ಪದಕ್ಕೆ ಹೋದಳು. ಅದೂ ಗೊತ್ತಿಲ್ಲ. ಅದರಾಚೆಯದನ್ನು ಓದಿದಳು. ಹತ್ತು ಸಾಲಿನ ಪುಟ ಮುಗಿಯುವ ಹೊತ್ತಿಗೆ ಓದಿದ್ದು ಒಂಬತ್ತು ಪದ.

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. "ಗೊತ್ತಿಲ್ಲ ಅಂತ ಇಷ್ಟು ನೆಟ್ಟಗೆ ಹೇಳೋ ಮಗೂನ ನಾನು ನೋಡಿರ್ಲಿಲ್ಲ ಟೀಚರ್," ಎಂದರು. ಆದರೂ ಬರೆಯಬೇಕಾದ್ದನ್ನೇ ಬರೆದರು.

ಒಳಗೆ ನಡೆದದ್ದೆಲ್ಲ ಬಾಗಿಲಲ್ಲಿದ್ದ ಅಮ್ಮನ ಕಿವಿಗೆ ಬಿದ್ದಿತ್ತು. "ನಾಳೆಯಿಂದ ನನ್ನ ಜೊತೆ ಬಾ," ಎಂದು ಕೈ ಹಿಡಿದುಕೊಂಡಳು. ಗುಬ್ಬಿ ನಾಲ್ಕು ಹೆಜ್ಜೆ ಹೋಗಿ, ಕೈ ಬಿಡಿಸಿಕೊಂಡು ಓಡಿ ಬಂದು ಟೀಚರ ಸೆರಗು ಹಿಡಿದಳು. ಮುಖ ಬೆಳಗುತ್ತಿತ್ತು.

"ಟೀಚರ್, ನೀವು ಕೆಮ್ಮಿದ್ರಿ, ಕುರ್ಚಿ ಎಳೆದ್ರಿ, ಆದ್ರೂ ನಾನು ನಿಮ್ಮ ಕಡೆ ಒಂದ್ಸಲಾನೂ ನೋಡ್ಲಿಲ್ಲ."