ಏಪ್ರಿಲ್ ತಿಂಗಳ ಕೋಟೆ ಮತ್ತು ಹಗ್ಗ ಕಟ್ಟಿದ ಕಾರ್ಟನ್

ಸಿಸ್ಟರ್ ಅವರ ಬಲಗೈಯ ತೋರುಬೆರಳಿನ ಬುಡದಲ್ಲಿ, ನೈಲಾನ್ ಹಗ್ಗ ಎಳೆದೆಳೆದು ಉಂಟಾದ ಬಿಳಿಯ ಗೆರೆಯೊಂದಿತ್ತು. ಕಾರ್ಟನ್ನಿನ ಹಗ್ಗವನ್ನು ಆ ಬೆರಳಿಗೆ ಸಿಕ್ಕಿಸಿ, ಎಡಗಣ್ಣು ಮುಚ್ಚಿ, ನೆಲದಿಂದ ಒಂದು ಗೇಣು ಮೇಲೆತ್ತಿ, ಅದು ಎಷ್ಟು ಕೆಜಿ ಎಂದು ಅವರು ಹೇಳಿಬಿಡುತ್ತಿದ್ದರು. ವಿಮಾನ ನಿಲ್ದಾಣದ ತಕ್ಕಡಿ ಬೇರೆ ಹೇಳಿದರೆ ಆ ತಕ್ಕಡಿಯನ್ನು ದುರಸ್ತಿಗೆ ಕಳುಹಿಸಬೇಕೆಂಬುದು ನಮ್ಮ ಕ್ವಾರ್ಟರ್ಸಿನ ಸರ್ವಾನುಮತದ ಅಭಿಪ್ರಾಯವಾಗಿತ್ತು.

ರಿಯಾದಿನ ಆಸ್ಪತ್ರೆಯೊಂದರ ಮಹಿಳಾ ಕ್ವಾರ್ಟರ್ಸಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವರು ಉಡುಪಿ ಕಡೆಯ, ಕೊಂಕಣಿ ಮನೆಮಾತಿನ ಹಿರಿಯ ನರ್ಸ್. ನಾನು ಲ್ಯಾಬ್ ಟೆಕ್ನಿಷಿಯನ್. ಬೀಡಿ ಕಟ್ಟುವ ಮನೆಯಿಂದ ಪದವಿ ಪಡೆದ ಮೊದಲನೆಯವಳು. ಪದವಿಯ ಜೊತೆಗೆ ನನಗೆ ದೊರೆತ ಇನ್ನೊಂದು ವಸ್ತು ಭಯ. ಮಧ್ಯಾಹ್ನ ಕಳೆದ ಮೇಲೆ ಮೇಲಧಿಕಾರಿಗೆ ಗುಡ್ ಮಾರ್ನಿಂಗ್ ಹೇಳಿಬಿಟ್ಟೆನೇ ಎಂದು ಸಂಜೆಯವರೆಗೂ ಕೊರಗುವವಳು ನಾನು. ಸಿಸ್ಟರ್ ನನ್ನ ಕೊರಗನ್ನು ಆಲಿಸಿ, "ಅವನಿಗೆ ಈಗಷ್ಟೇ ಬೆಳಗಾಯಿತು, ಬಿಡು ಮಾರಾಯ್ತಿ" ಎನ್ನುತ್ತಿದ್ದರು.

ಅವರ ಮಂಚದ ತಲೆದೆಸೆಯಲ್ಲಿ ಎಂದೋ ಮುಗಿದುಹೋದ ವರ್ಷದ ಕ್ಯಾಲೆಂಡರ್ ಒಂದು ತೂಗುತ್ತಿತ್ತು. ಅವರ ವಾರ್ಡಿನಲ್ಲಿ ಗುಣವಾಗಿ ಹೊರಟ ಜಪಾನಿ ಎಂಜಿನಿಯರೊಬ್ಬರು ಕೊಟ್ಟದ್ದು. ಹಾಳೆಗೊಂದರಂತೆ ಒಸಾಕಾ ನಗರದ ಪ್ರೇಕ್ಷಣೀಯ ಸ್ಥಳಗಳು. ಸಿಸ್ಟರ್ ಅವುಗಳಿಗೆ ತಿಂಗಳಿನ ಹೆಸರನ್ನೇ ಖಾಯಂ ಮಾಡಿದ್ದರು. ಜುಲೈ ಎಂದರೆ ತಿಮಿಂಗಿಲ ಶಾರ್ಕ್ ಈಜುವ ಅಕ್ವೇರಿಯಂ. ಆಗಸ್ಟ್ ಎಂದರೆ ದೋತೊಂಬೊರಿ ಕಾಲುವೆಯ ದಂಡೆಯ ಬಣ್ಣದ ದೀಪಗಳು. ಏಪ್ರಿಲ್ ಎಂದರೆ ಚೆರಿ ಹೂವುಗಳ ಮೇಲೆ ತೇಲುವಂತೆ ಕಾಣುವ, ಹಸಿರು ಮಾಡಿನ ಬಿಳಿಯ ಕೋಟೆ. ಕ್ಯಾಲೆಂಡರ್ ಯಾವಾಗಲೂ ಏಪ್ರಿಲ್‌ನಲ್ಲಿಯೇ ನಿಂತಿರುತ್ತಿತ್ತು. ಕೆಲಸ ಬಿಟ್ಟು ಊರಿಗೆ ಹೋಗುವ ಮೊದಲು ಏಪ್ರಿಲನ್ನು ಒಮ್ಮೆ ಹತ್ತಿ ನೋಡಬೇಕು ಎಂಬುದು ಅವರು ತಮಗಾಗಿ ಇಟ್ಟುಕೊಂಡಿದ್ದ ಏಕೈಕ ಆಸೆ.

ಆಸೆಗೆ ಅಡ್ಡಿಯಾಗಿದ್ದುದು ಕೆಜಿ. ಇಲ್ಲಿ ಯಾರಾದರೂ ವಿಮಾನ ಹತ್ತುತ್ತಾರೆಂಬ ಸುದ್ದಿ ಹೊರಬಿದ್ದರೆ ಸಾಕು, ಮೊದಲ ಪ್ರಶ್ನೆ ಕ್ಷೇಮಸಮಾಚಾರದ್ದಲ್ಲ, "ಕೆಜಿ ಉಂಟಾ?" ಎಂಬುದು, ಅಂದರೆ ನಿಮ್ಮ ಲಗೇಜಿನ ತೂಕದಲ್ಲಿ ನಮ್ಮದಕ್ಕೂ ಜಾಗ ಉಂಟೇ ಎಂದು. ಹಾಲಿನ ಪುಡಿ, ಮುಲಾಮು, ಕಂಬಳಿ, ಎಲ್ಲರ ಪೊಟ್ಟಣಗಳೂ ಸಿಸ್ಟರ್ ಅವರ ಕಾರ್ಟನ್ ಸೇರುತ್ತಿದ್ದವು. ಇಲ್ಲ ಎಂದು ಅವರು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಪ್ರತಿ ರಜೆಯಲ್ಲೂ ಅವರು ಊರಿಗೇ ಹೋಗಿ, ರಜೆಯೆಲ್ಲ ಮನೆಮನೆಗೆ ಪೊಟ್ಟಣ ತಲುಪಿಸಿ, ಬಳಲಿ ಬಂದು, ಡ್ಯೂಟಿಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು.

ನಿವೃತ್ತಿಗೆ ಮುಂಚಿನ ವರ್ಷ ಅವರು ಏಪ್ರಿಲ್‌ಗೆ ರಜೆ ಕೇಳಿದರು, ಮಂಜೂರಾದದ್ದು ನವೆಂಬರ್‌ಗೆ. ಅದೇ ವಾರ ನನಗೂ ರಜೆಯಿತ್ತು. ಒಬ್ಬಳೇ ಹೋಗಲು ಧೈರ್ಯವಿಲ್ಲ, ಡಿಗ್ರಿ ಮಾಡಿದವಳು ಜೊತೆಗಿದ್ದರೆ ಒಳ್ಳೆಯದು ಎಂದು ಅವರು ನನ್ನನ್ನು ಹೊರಡಿಸಿದರು. ಗುಟ್ಟಾಗಿ ಹೋಗಿಬರುವುದೆಂದು ನಿರ್ಧಾರವಾಗಿತ್ತು. ಆದರೆ ಸಿಸ್ಟರ್ ಸ್ವೆಟರ್ ಕೊಂಡದ್ದು ಹೇಗೋ ತಿಳಿದು, ಕ್ವಾರ್ಟರ್ಸೆಲ್ಲ ಬಾಗಿಲಿಗೆ ಬಂತು. ಊರಿಗೆ ಒಯ್ಯುವುದೇನೂ ಇಲ್ಲದ್ದರಿಂದ, ಅಲ್ಲಿಂದ ತರುವುದನ್ನು ಹೇಳಿಹೋದರು: ಒಬ್ಬರಿಗೆ ಬೆನ್ನುನೋವಿಗೆ ಅಂಟಿಸುವ ಔಷಧಿ ಪಟ್ಟಿ, ಇನ್ನೊಬ್ಬರಿಗೆ ಉಗುರು ಕತ್ತರಿ, ಕೇರಳದ ನರ್ಸ್ ಒಬ್ಬರಿಗೆ ಅಕ್ಕಿಯ ಬಿಸ್ಕತ್ತು.

ಹೀಗಾಗಿ ದೋತೊಂಬೊರಿಯಲ್ಲಿ ಜಗತ್ತೆಲ್ಲ ದೀಪಗಳ ಫೋಟೊ ತೆಗೆಯುತ್ತಿದ್ದಾಗ, ಸಿಸ್ಟರ್ ಕಾಲುವೆಗೆ ಬೆನ್ನು ಹಾಕಿ ಔಷಧಿ ಅಂಗಡಿಯೊಂದರಲ್ಲಿ ಪಟ್ಟಿಗಳ ವಾಸನೆ ನೋಡುತ್ತಿದ್ದರು. ಅಕ್ವೇರಿಯಮ್ಮಿನಲ್ಲಿ ಮಾತ್ರ ಬಹಳ ಹೊತ್ತು ನಿಂತರು. ಆ ಮಹಾಮೀನು ಗಾಜಿನಾಚೆ ಸಾವಧಾನವಾಗಿ ಸಾಗಿಹೋಯಿತು. ಅವರು ಎಡಗಣ್ಣು ಮುಚ್ಚಿದರು. "ಇದು ಕಾರ್ಗೋದಲ್ಲೇ ಹೋಗಬೇಕು" ಎಂದರು.

ಕೋಟೆಗೆ ಉಳಿದದ್ದು ಕೊನೆಯ ದಿನ. ವಿಮಾನ ರಾತ್ರಿಯದು, ಕಾರ್ಟನ್ ತುಂಬಿ, ಹಗ್ಗ ಬಿಗಿದು, ನಾಲ್ಕೂ ಬದಿಗೆ ದಪ್ಪ ಅಕ್ಷರಗಳಲ್ಲಿ ಅವರ ಹೆಸರು ಬರೆದದ್ದಾಗಿತ್ತು. ಹೋಟೆಲಿನವರು ತಾವೇ ಇಟ್ಟುಕೊಳ್ಳುವುದಾಗಿ ವಿನಯದಿಂದ ಹೇಳಿದರು. ಪರರ ಸಾಮಾನನ್ನು ಕಣ್ಣಿಂದ ಮರೆಯಾಗಲು ಬಿಡಬಾರದೆಂಬುದು ಸಿಸ್ಟರ್ ಅವರ ನಿಯಮ. ಕಾರ್ಟನ್ನನ್ನು ಚಕ್ರದ ಗಾಡಿಗೆ ಬಿಗಿದು, ಕಂದಕ ದಾಟಿ, ಆನೆಗಾತ್ರದ ಕಲ್ಲುಗಳ ನಡುವಿನ ಏರಿನಲ್ಲಿ ನಾವು ಅದನ್ನು ತಳ್ಳಿದೆವು. ಆ ಕೋಟೆಯನ್ನು ಹೀಗೆ ಮುತ್ತಿದವರು ಚರಿತ್ರೆಯಲ್ಲಿ ಇರಲಾರರು. ಮೇಲೆ ತಲುಪಿದಾಗ ಕೊನೆಯ ಪ್ರವೇಶಕ್ಕೆ ಕೆಲವೇ ನಿಮಿಷಗಳಿದ್ದವು. ಬಾಗಿಲಿನವರು ಟಿಕೆಟ್ ನೋಡಿ ತಲೆಬಾಗಿದರು, ಕಾರ್ಟನ್ ನೋಡಿ ಇನ್ನೂ ಆಳವಾಗಿ ತಲೆಬಾಗಿ ಕೈ ಅಡ್ಡ ಹಿಡಿದರು.

ಸಿಸ್ಟರ್ ಕೋಟೆಯನ್ನು ನೋಡಿದರು, ಕಾರ್ಟನ್ನನ್ನು ನೋಡಿದರು.

"ನೀನು ಹೋಗು. ನೋಡಿ ಬಂದು ನನಗೆ ಹೇಳು."

ಹೇಳಿದ್ದನ್ನು ಮಾಡುವುದರಲ್ಲಿ ನನಗೆ ಬಾಲ್ಯದಿಂದಲೂ ಉತ್ತಮ ಅಂಕಗಳು. ಆದರೆ ಆ ಕ್ಷಣದಲ್ಲಿ ಕಾಲು ಮುಂದೆ ಬರಲಿಲ್ಲ. ಆಗುವುದಿಲ್ಲ ಎನ್ನಲು ಬಾಯಿಯೂ ಬರಲಿಲ್ಲ. ಬೇರೇನೂ ತೋಚದೆ ನಾನು ಕಾರ್ಟನ್ನಿನ ಮೇಲೆ ಕುಳಿತುಬಿಟ್ಟೆ. ಒಳಗಿನಿಂದ ದೀರ್ಘವಾದ, ಸ್ಪಷ್ಟವಾದ ಸದ್ದೊಂದು ಬಂತು. ಅಕ್ಕಿಯ ಬಿಸ್ಕತ್ತು.

ನನ್ನ ಕಣ್ಣಲ್ಲಿ ನೀರಾಡಿತು. ಸಿಸ್ಟರ್ ಬಗ್ಗಿ ಕಾರ್ಟನ್ನನ್ನು ಬೆರಳಿನಿಂದ ಒಮ್ಮೆ ತಟ್ಟಿ ನೋಡಿದರು. ಆಮೇಲೆ ಹಗ್ಗದ ತುದಿಯನ್ನು ನನ್ನ ಕೈಗಿಟ್ಟು, "ಹುಡಿಯಾಯಿತು. ಇನ್ನು ಕಾಯಲಿಕ್ಕೆ ಎಂತ ಉಂಟು?" ಎಂದು ಹೇಳಿ, ಬಾಗಿಲಿನವರಿಗೆ ಅವರಂತೆಯೇ ತಲೆಬಾಗಿ, ಒಳಗೆ ಹೋದರು.

ಮುಚ್ಚುವ ಹೊತ್ತಿಗೆ ಇಳಿದು ಬಂದರು. ಗಾಳಿಗೆ ಕೂದಲೆಲ್ಲ ಕೆದರಿತ್ತು. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ. ಹೇಗಿತ್ತೆಂದು ಕೇಳಿದೆ.

"ಮೇಲೆ ಹತ್ತಿದ ಮೇಲೆ ಕೋಟೆಯೇ ಕಾಣುವುದಿಲ್ಲ, ಮಾರಾಯ್ತಿ. ಹೂವೂ ಇಲ್ಲ. ಊರಿಡೀ ಕಾಣ್ತದೆ. ಮತ್ತೆ ಕೆಳಗೆ ಒಬ್ಬಳು ಪೆದ್ದಿ ಕಾರ್ಟನ್ ಮೇಲೆ ಕೂತದ್ದು ಕಾಣ್ತದೆ." ಅಷ್ಟು ಹೇಳಿ ನಕ್ಕವರು, ವಿಮಾನ ನಿಲ್ದಾಣದವರೆಗೂ ಬಿಟ್ಟುಬಿಟ್ಟು ನಗುತ್ತಲೇ ಇದ್ದರು. ಬಿಸ್ಕತ್ತಿನ ಹುಡಿಯನ್ನು ಕೇರಳದ ನರ್ಸ್ ಮೊಸರಿಗೆ ಬೆರೆಸಿ ತಿಂದರೆಂದು ತಿಳಿಯಿತು.

ಮರುವರ್ಷ ಅವರು ಕೆಲಸ ಮುಗಿಸಿ ಫೈನಲ್ ಎಕ್ಸಿಟ್‌ನಲ್ಲಿ ಊರಿಗೆ ಹೊರಟಾಗ, ಕೈಯಲ್ಲಿದ್ದುದು ಒಂದು ಪುಟ್ಟ ಸೂಟ್‌ಕೇಸ್ ಮಾತ್ರ. ವಿಮಾನ ನಿಲ್ದಾಣದ ಸಾಲಿನಲ್ಲಿದ್ದ ಪರಿಚಯದ ಊರಿನವರೊಬ್ಬರು ಕೂಡಲೇ, "ಸಿಸ್ಟರ್, ಕೆಜಿ ಉಂಟಾ?" ಎಂದರು.

"ಉಂಟು. ಕೊಡುವುದಿಲ್ಲ."

ಹೇಳಿ, ಬೀಳ್ಕೊಡಲು ಬಂದಿದ್ದ ನನ್ನತ್ತ ಹೆಮ್ಮೆಯಿಂದ ನೋಡಿದರು. ಸ್ವಲ್ಪ ಮುಂದೆ ಹೋಗಿ, ತಿರುಗಿ ಬಂದು, ಮಗುವಿನ ಹಾಲಿನ ಪುಡಿಯಾದರೆ ಒಂದು ಡಬ್ಬಿ ಮಾತ್ರ ಕೊಡಿ ಎಂದರು.

ಅವರಿಂದ ನಾನು ಪಡೆದದ್ದು ಬಹಳ. ಇಲ್ಲ ಎಂಬ ಮಾತನ್ನು ಅವರಷ್ಟು ಚೆನ್ನಾಗಿ ಹೇಳಲು ನನಗೆ ಇನ್ನೂ ಬಾರದು. ಆದರೆ ಕ್ಯಾಲೆಂಡರನ್ನು ಅವರು ನನಗೇ ಬಿಟ್ಟುಹೋಗಿದ್ದಾರೆ, ಮತ್ತು ಈ ಬಾರಿ ನನಗೆ ಏಪ್ರಿಲ್‌ನಲ್ಲಿಯೇ ರಜೆ ಮಂಜೂರಾಗಿದೆ. ಫೋನಿನಲ್ಲಿ ಸಿಸ್ಟರ್ ಅವರಿಗೊಬ್ಬರಿಗೆ ತಿಳಿಸಿದ್ದೇನೆ. ಕ್ವಾರ್ಟರ್ಸಿನಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಸ್ವೆಟರನ್ನು ನಾನು ಕೊಂಡಿಲ್ಲ, ಚಳಿಯಾದರೆ ಆಗಲಿ.